ಮುಷ್ಟಿಯಲ್ಲಿದ್ದ ಎರಡು ಎಲೆ

ನಾಗಭೂಷಣ ತೀರಿಕೊಂಡ ಮೂರನೆಯ ತಿಂಗಳು ಅವನ ಹೆಂಡತಿ ಬಸವರಾಜೇಶ್ವರಿ ಕುರುಬರಹಳ್ಳಿಯ ಮಹದೇವನ ಮನೆಯ ಮಹಡಿ ಹತ್ತಿ ಬಂದು, "ಮಹದೇವಣ್ಣ, ನಂಗೆ ಪೋಕರ್ ಹೇಳ್ಕೊಡ್ತೀರಾ?" ಎಂದು ಕೇಳಿದಾಗ ಮಹದೇವ ಹೂಂಗುಟ್ಟಿದ. ಇಲ್ಲವೆನ್ನುವುದು ಯಾವ ಮುಖ ಹೊತ್ತು? ಗೆಳೆಯ ಕುಸಿದದ್ದು ಇದೇ ಕೋಣೆಯಲ್ಲಿ. ಆವತ್ತು ಜೊತೆಗೆ ಆಡುತ್ತಿದ್ದವನು ಮಹದೇವನೊಬ್ಬನೇ.

ಶೀಟಿನ ಸೂರು, ಒಂದು ಟೇಬಲ್ಲು, ಎರಡು ಪ್ಲಾಸ್ಟಿಕ್ ಕುರ್ಚಿ. ಹನ್ನೊಂದು ವರ್ಷ, ಪ್ರತಿ ಭಾನುವಾರ ಮಧ್ಯಾಹ್ನ, ಇಬ್ಬರೂ ಇಲ್ಲಿ ಹುಣಸೆಬೀಜ ಪಣಕ್ಕಿಟ್ಟು ಆಡಿದ್ದರು. ಕಾಸಿನ ಆಟವಲ್ಲ. ಆದರೂ ಒಂದು ಬೀಜ ಹೆಚ್ಚುಕಡಿಮೆಯಾಯಿತೆಂದು ವಾರಗಟ್ಟಲೆ ಮಾತು ಬಿಟ್ಟಿದ್ದುಂಟು, ಅರವತ್ತು ದಾಟಿದ ಈ ಇಬ್ಬರು ಮಹಾನುಭಾವರು. ಈಗ ಎದುರಿನ ಕುರ್ಚಿ ಖಾಲಿ. ಹಾಗೆಂದು ಅದು ಸುಮ್ಮನಿರುತ್ತಿರಲಿಲ್ಲ. ಬಿಸಿಲಿಗೆ ಶೀಟು ಟಕ್ ಎಂದಾಗಲೆಲ್ಲ, ಅದರ ಬೆನ್ನಿಗೇ ಆ ಕಡೆಯಿಂದ "ಉಸ್ಸಪ್ಪಾ, ಸತ್ತೆ ಕಣೋ ಮಹದೇವ" ಎಂದು ಕೇಳುತ್ತಿತ್ತು. ಮನೆಯಲ್ಲಿ ಹೇಳಿದರೆ ನಿಂಬೆಹಣ್ಣು ನಿವಾಳಿಸಲು ಹೊರಟಾರೆಂದು ಅವನು ಬಾಯಿ ಬಿಟ್ಟಿರಲಿಲ್ಲ.

ಬಸವರಾಜೇಶ್ವರಿ ಸೀದಾ ಹೋಗಿ ಆ ಕುರ್ಚಿಯಲ್ಲೇ ಕೂತಳು.

ಪಾಠಕ್ಕೆಂದು ಮಹದೇವ ಇಸ್ಪೀಟೆಲೆಯ ಹೊಸ ಪ್ಯಾಕು ತಂದ. ಹಳೆಯದು ಕಪಾಟಿನಲ್ಲಿತ್ತು, ಆದರೆ ಅದರಲ್ಲಿದ್ದದ್ದು ಐವತ್ತೇ ಎಲೆ. ಉಳಿದೆರಡು ಆವತ್ತು ನಾಗಭೂಷಣನ ಮುಷ್ಟಿಯೊಳಗೇ ಆಸ್ಪತ್ರೆಗೆ ಹೋಗಿದ್ದವು. ಐವತ್ತನ್ನೂ ಹರಡಿ ನೋಡಿದ್ದರೆ ಇಲ್ಲದ ಎರಡು ಯಾವುವೆಂದು ತಿಳಿಯುತ್ತಿತ್ತು, ಐದು ನಿಮಿಷದ ಕೆಲಸ. ಮಹದೇವನಿಗೆ ಆ ಧೈರ್ಯ ಬಂದಿರಲಿಲ್ಲ.

"ಕೈಗೆ ಬರೋದು ಎರಡೇ ಎಲೆ ಅಮ್ಮ. ಯಾರಿಗೂ ತೋರಿಸ್ಬಾರದು. ಆಮೇಲೆ ಮಧ್ಯದಲ್ಲಿ ಐದು ಎಲೆ ಬಿಚ್ಚಿಡ್ತೀವಿ, ಅವು ಎಲ್ರಿಗೂ ಸೇರಿದ್ದು. ಹೊಸಬ್ರು ಏನ್ ಮಾಡ್ತಾರೆ, ಬಂದಿದ್ದನ್ನೆಲ್ಲಾ ಆಡಕ್ಕೆ ಹೋಗಿ ಕೈ ಸುಟ್ಕೋತಾರೆ. ಜೋಡಿ ಬಂತಾ, ಆಡಿ. ಎಕ್ಕ, ರಾಜ ಒಟ್ಟಿಗೆ ಬಂತಾ, ಆಡಿ. ಹತ್ತರಲ್ಲಿ ಏಳೆಂಟು ಸಲ ಬಿಸಾಕೋದೇ ಜಾಣತನ."

"ಎಲ್ಲಕ್ಕಿಂತ ಕೆಟ್ಟ ಎಲೆ ಯಾವ್ದು?"

"ಏಳು, ಎರಡು. ಜಾತಿ ಬೇರೆಬೇರೆ ಆಗಿದ್ರಂತೂ ಕೇಳ್ಲೇಬೇಡಿ."

"ಅಂಥದ್ದು ಬಂದ್ರೆ ನಮ್ಮೋರು ಏನ್ ಮಾಡೋರು?"

ಮೂರು ತಿಂಗಳಲ್ಲಿ ಮೊದಲ ಬಾರಿಗೆ ಮಹದೇವ ನಕ್ಕ. "ನಾಗನಾ? ತೆಪ್ಪಗೆ ಬಿಸಾಕಿ ಕಡ್ಲೇಕಾಯಿ ಸುಲ್ಕೊಂಡು ಕೂರೋನು. ಒಳ್ಳೇ ಎಲೆ ಬಂದ್ರೆ ನೋಡ್ಬೇಕಿತ್ತು ಅವನ ಗೋಳು. ಎದೆ ಹಿಡ್ಕೊಂಡು, ಸತ್ತೆ ಕಣೋ ಅನ್ನೋನು. ಇವನ ಕಥೆ ಮುಗೀತು ಅಂತ ನಂಬಿ ನಾನು ಇರೋ ಬೀಜ ಎಲ್ಲಾ ಸುರೀಲಿ ಅಂತ."

ಹೇಳಿದ ಮೇಲೆ ಅವನ ನಗು ನಿಂತಿತು. ಆವತ್ತೂ ನಾಗಭೂಷಣ ಎದೆ ಹಿಡಿದುಕೊಂಡು ಅದನ್ನೇ ಅಂದಿದ್ದ. ಅವನ ಕೈಯಲ್ಲಿ ಒಳ್ಳೆಯ ಎಲೆಯಿತ್ತೆಂದಾದರೆ, ಅದು ಪ್ರತಿ ಭಾನುವಾರದ ನಾಟಕವೇ. ನಂಬದಿದ್ದದ್ದು ಮಹದೇವನ ತಪ್ಪಲ್ಲ. ಕೆಟ್ಟ ಎಲೆಯಾಗಿದ್ದರೆ? ನಾಟಕಕ್ಕೆ ಕಾರಣವೇ ಇರಲಿಲ್ಲ. ಈ ಒಂದು ಪ್ರಶ್ನೆ ಅವನನ್ನು ತಿಂದು ಹಾಕುತ್ತಿತ್ತು.

ಬಸವರಾಜೇಶ್ವರಿ ಒಂದು ಭಾನುವಾರವೂ ತಪ್ಪಿಸಲಿಲ್ಲ. ಮೂರನೆಯ ವಾರ, ಎದುರಿನವರು ಸುಳ್ಳಾಡುವುದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಳು.

"ಮುಖ ನೋಡ್ಬೇಡಿ. ಮುಖ ಎಲ್ರೂ ಸಂಭಾಳಿಸ್ತಾರೆ. ಕೈ ನೋಡಿ" ಎಂದ ಮಹದೇವ. ಗುರು ತನ್ನ ಪಾಠ ತಾನೇ ಕೇಳಿಸಿಕೊಂಡಿದ್ದರೆ ಚೆನ್ನಾಗಿತ್ತು.

ನಾಲ್ಕನೆಯ ವಾರ ಅವಳು ಬ್ಯಾಗಿನಿಂದ ಆಸ್ಪತ್ರೆಯವರು ಕೊಟ್ಟಿದ್ದ ಪ್ಲಾಸ್ಟಿಕ್ ಕವರು ತೆಗೆದಳು. ಅದರಲ್ಲಿ ಗಂಡನ ವಾಚು, ಕನ್ನಡಕ, ಮತ್ತೆ ನೀಲಿ ಹೂವಿನ ಬೆನ್ನಿನ ಎರಡು ಎಲೆ. ಮುಷ್ಟಿಯ ಬಿಗಿಗೆ ಮುದುರಿದ್ದ ಅವನ್ನು ಅಂಗೈಯಿಂದ ಸವರಿ, ಒಂದೊಂದಾಗಿ ಮಗುಚಿದಳು.

ಇಸ್ಪೀಟಿನ ಏಳು. ಆಟೀನಿನ ಎರಡು.

"ಇಂಥವು ಬಂದ್ರೆ ಬಿಸಾಕಿ ಕಡ್ಲೇಕಾಯಿ ಸುಲಿಯೋರು ಅಂದ್ರಲ್ಲಾ. ಆವತ್ತು ಯಾಕೆ ಬಿಸಾಕಲಿಲ್ಲ ಅಣ್ಣ?"

"ಕೆಟ್ಟ ಎಲೆ ಇಟ್ಕೊಂಡೇ ಬ್ಲಫ್ ಹೊಡಿಯೋಣ ಅಂತಿದ್ದ ಅನ್ಸುತ್ತೆ" ಎಂದ ಮಹದೇವ. ಅವನ ಮುಖ ಅಲುಗಲಿಲ್ಲ. ಬೆರಳುಗಳು ಮಾತ್ರ ಆಗಲೇ ಸರಿಯಾಗಿದ್ದ ಪ್ಯಾಕನ್ನು ಮತ್ತೆ ಮತ್ತೆ ತಟ್ಟಿ ಸರಿಮಾಡುತ್ತಿದ್ದವು. ಬಸವರಾಜೇಶ್ವರಿ ನೋಡುತ್ತಿದ್ದದ್ದು ಅವನ್ನೇ.

"ಏನಾದ್ರೂ ಅಂದ್ರಾ ಅವರು?"

ಮಹದೇವ ಪ್ಯಾಕನ್ನು ಕೆಳಗಿಟ್ಟ. "ಸತ್ತೆ ಅಂದ."

"ನೀವು?"

"ನಾಟಕ ಸಾಕು ಅಂದೆ. ಇವನ ಗೋಳು ಮುಗೀಲಿ ಅಂತ ಟೀ ತರಕ್ಕೆ ಹೋದೆ. ಹೋಟ್ಲಲ್ಲಿ ಯಾರೋ ಸಿಕ್ಕಿದ್ರು. ಬರೋದು ಕಾಲು ಗಂಟೆ ಆಯ್ತಮ್ಮ, ಬಂದಾಗ ಬಿದ್ದಿದ್ದ. ನಿಮಗೆ ಆಡ್ತಾ ಆಡ್ತಾ ಬಿದ್ದ ಅಂತ ಸುಳ್ಳು ಹೇಳ್ದೆ."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ವಾಚು, ಕನ್ನಡಕ ಬ್ಯಾಗಿಗೆ ಹಾಕಿಕೊಂಡು ಎದ್ದಳು.

"ಇವು ಒಳ್ಳೇವೋ ಕೆಟ್ಟವೋ ನಂಗೆ ಗೊತ್ತಾಗ್ತಿರ್ಲಿಲ್ಲ. ಅದಕ್ಕೇ ಕಲ್ಯೋಕೆ ಬಂದೆ" ಎಂದು ಎರಡೂ ಎಲೆಯನ್ನು ಅವನ ಕಡೆ ಸರಿಸಿದಳು. "ನಿಮ್ ಪ್ಯಾಕಿನವು. ಇನ್ಮೇಲೆ ನೀವೇ ಇಟ್ಕೊಳ್ಳಿ."

ಅವಳ ಚಪ್ಪಲಿ ಸದ್ದು ಮೆಟ್ಟಿಲು ಇಳಿದು ಬೀದಿಗೆ ಸೇರಿತು. ಮಹದೇವ ಎಲೆಗಳನ್ನು ಮುಟ್ಟದೆ ಕೂತಿದ್ದ. ಶೀಟು ಟಕ್ ಎಂದಿತು.

"ಉಸ್ಸಪ್ಪಾ, ಸತ್ತೆ ಕಣೋ ಮಹದೇವ."

ಮಹದೇವ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದ. "ಏಳು ನಾಗ, ಏಳು. ಆಟೋ ಹಿಡೀತೀನಿ" ಎನ್ನುತ್ತ ಖಾಲಿ ಕುರ್ಚಿಯತ್ತ ಎರಡೂ ಕೈ ಚಾಚಿದ.