ಪೈಲವಾನನ ಪರವಾನಗಿ

ಕರೆಪ್ಪನಿಗೆ ಲಕ್ವಾ ಹೊಡೆದು ಎರಡು ವರ್ಷವಾಗಿತ್ತು. ಆದರೂ ಖಾಸಬಾಗದ ಓಣಿಯಲ್ಲಿ ಯಾರಾದರೂ "ಹೆಂಗದೀರಿ ಪೈಲವಾನರ?" ಎಂದರೆ ಎದೆ ಸೆಟೆಸಿ, "ನನಗೇನ ಧಾಡಿ ಆಗೇತಿ?" ಎಂದು ಅವರನ್ನೇ ಕೇಳುತ್ತಿದ್ದ. ಏನಾಗಿದೆ ಎಂಬುದು ಓಣಿಗೆಲ್ಲ ಕಾಣುತ್ತಿತ್ತು. ಬಲಗೈ ಎದೆಯ ತನಕ ಏರಿದರೆ ಅದೇ ಹೆಚ್ಚು. ಬಲಗಾಲು ನೆಲವನ್ನು ಸವರಿಕೊಂಡು ಹಿಂದಿನಿಂದ ಬರುತ್ತಿತ್ತು. ಹರೆಯದಲ್ಲಿ ಕುಸ್ತಿ ಗೆದ್ದ ಕೈ ಅದು. ಆಮೇಲೆ ಮೂವತ್ತು ವರ್ಷ ಊರಿಗೆ ನೀರು ಬಿಡುವ ವಾಲ್ವುಗಳನ್ನು ಒಂದೇ ಉಸಿರಿಗೆ ತಿರುಗಿಸಿದ ಕೈ. ಅದು ತನ್ನ ಮಾತು ಕೇಳುವುದಿಲ್ಲ ಎಂದು ಒಪ್ಪಿಕೊಳ್ಳಲು ಅವನು ತಯಾರಿರಲಿಲ್ಲ.

"ನನ್ನ ಕೆಲಸ ನಾನ ಮಾಡ್ಕೋತೇನಿ" ಎಂಬುದು ಅವನ ಜಂಬ. ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುತ್ತಿದ್ದ. ಖಡಕ್ ರೊಟ್ಟಿಯನ್ನು ಕಟಕಟ ಕಡಿದು ಬೆಳೆದವನಿಗೆ ಈಗೀಗ ಸಾರಿನಲ್ಲಿ ನೆನೆದ ರೊಟ್ಟಿಯೇ ರುಚಿ. ತಲೆಗೆ ಪಟಕಾ ತಾನೇ ಸುತ್ತಿಕೊಳ್ಳುತ್ತಿದ್ದ; ಹೊಸ್ತಿಲು ದಾಟುವಾಗ ಮಾತ್ರ ಹೆಂಡತಿ ಸತ್ಯವ್ವ ಅವನ ತಲೆಯ ಹಿಂದೆ ಕೈಯಾಡಿಸಿ "ಹುಳ ಕುಂತಿತ್ತು" ಎನ್ನುತ್ತಿದ್ದಳು. ದಿನಾ ಬೆಳಿಗ್ಗೆ ಹುಳ. ಖಾಸಬಾಗದಲ್ಲಿ ಹುಳದ ಕಾಟ ವಿಪರೀತ ಆಗಿದೆ, ಔಷಧಿ ಹೊಡೆಯಿರಿ ಎಂದು ಅವನು ಪಾಲಿಕೆಯ ಹಳೆಯ ಗೆಳೆಯರಿಗೆ ಎರಡು ಸಲ ಬೈದು ಬಂದಿದ್ದ.

ಈಗ ಅವನಿಗೆ ಇದ್ದ ಆಸೆ ಒಂದೇ, ಮಲಪ್ರಭೆಯ ದಂಡೆಯಲ್ಲಿ ಗಾಳ ಹಾಕಿ ಕೂರುವುದು. ಅವನು ಹುಟ್ಟಿದ್ದು ಖಾನಾಪುರದ ಬಾಜೂಕಿನ ಹಳ್ಳಿಯಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಕುರಿಗಳು ನೀರು ಕುಡಿಯುವ ಹೊತ್ತಿಗೆ ಹೊಳೆಗೆ ಗಾಳ ಇಳಿಬಿಡುವುದು ಅವನು ಕುಸ್ತಿಗಿಂತ ಮೊದಲು ಕಲಿತ ವಿದ್ಯೆ. ಹೋದ ಬೇಸಿಗೆಯಲ್ಲಿ ಹಟ ಮಾಡಿ ಹೋಗಿ, ದಂಡೆಯ ಇಳಿಜಾರಿನಲ್ಲಿ ಜಾರಿ, ಮಗ ಅಮರನ ಹೆಗಲೇರಿ ವಾಪಸು ಬಂದಿದ್ದ. ಅವನು ಕೂರಬಹುದಾದ ಜಾಗ ಒಂದೇ ಇತ್ತು. ಹೊಳೆಗೆ ಅಡ್ಡ ಕಟ್ಟಿದ ಬಾಂದಾರದ ಪಕ್ಕದಲ್ಲಿ ಒಂದು ಕಲ್ಲಿನ ಕಟ್ಟೆ. ಅದಕ್ಕೆ ಮೆಟ್ಟಿಲು, ಹಿಡಿದುಕೊಳ್ಳಲು ಕಬ್ಬಿಣದ ಸರಳು. ಅಲ್ಲಿ ಮಂದಿಗೆ ಪ್ರವೇಶವಿಲ್ಲ. ಅಂಗವಿಕಲರಿಗೆಂದು ಮಾತ್ರ ಮೀನುಗಾರಿಕೆ ಇಲಾಖೆಯವರು ವರ್ಷಕ್ಕೆ ಗಾಳದ ಮೂರು ಪರವಾನಗಿ ಕೊಡುತ್ತಿದ್ದರು. ಎರಡು ಹೋಗಿದ್ದವು, ಒಂದು ಉಳಿದಿತ್ತು. ಶೇಕಡಾ ನಲವತ್ತಕ್ಕೆ ಕಡಿಮೆಯಿಲ್ಲದ ಅಂಗವಿಕಲತೆ ಇದೆಯೆಂದು ಡಾಕ್ಟರ ಚೀಟಿ ತರಬೇಕು, ಅಷ್ಟೆ.

ಹೀಗೆ 2001ರ ಆಗಸ್ಟಿನ ಒಂದು ಬುಧವಾರ ಕರೆಪ್ಪ ಬೆಳಗಾವಿಯ ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ನಿಂತ. ಇಸ್ತ್ರಿಯ ಧೋತರ, ಕೆಂಪು ಪಟಕಾ, ಹುರಿ ಮಾಡಿದ ಮೀಸೆ. ಕೈಗೋಲನ್ನು ಹೊರಗೆ ಬಾಕಿನ ಮೇಲೆ ಕುಳಿತ ಸತ್ಯವ್ವನ ಕೈಗೆ ಕೊಟ್ಟು, "ನೀ ಇಲ್ಲೇ ಇರು" ಎಂದು ಒಬ್ಬನೇ ಒಳಗೆ ಹೋಗಿದ್ದ.

ಡಾಕ್ಟರು ನಡೆಯಲು ಹೇಳಿದರು. ಹಲ್ಲು ಕಚ್ಚಿ ಗೋಡೆಯಿಂದ ಗೋಡೆಗೆ ನಡೆದ. ಕೈ ಎತ್ತಲು ಹೇಳಿದರು. ಎರಡು ವರ್ಷದಲ್ಲಿ ಏರದ ಕೈಯನ್ನು ಭುಜದ ಮೇಲಕ್ಕೆ ಏರಿಸಿದ. ಎಲ್ಲಿಂದ ಏರಿಸಿದ ಎಂಬುದು ಅವನಿಗೇ ಗೊತ್ತಿಲ್ಲ. ಕೊನೆಗೆ ಡಾಕ್ಟರು ತಮ್ಮ ಎರಡು ಬೆರಳು ಅವನ ಬಲಗೈಯೊಳಗೆ ಇಟ್ಟು, "ಜೋರಲೆ ಒತ್ರಿ" ಎಂದರು. ಪೈಲವಾನನಿಗೆ ಹಾಗೆ ಹೇಳಬಾರದಿತ್ತು.

"ಆಯ್ ಆಯ್, ಬಿಡ್ರಿ ಯಜಮಾನರ!" ಎಂದು ಬೆರಳು ಬಿಡಿಸಿಕೊಂಡ ಡಾಕ್ಟರು ಕೈ ಜಾಡಿಸುತ್ತ ನಕ್ಕರು. "ಶಾಬಾಸ್! ಭಾಳ ಸುಧಾರ್ಸೀರಿ."

ಕರೆಪ್ಪ ಹೊರಗೆ ಬಂದಾಗ ಮೀಸೆಯ ಕೆಳಗೆ ನಗು ಹಿಡಿಸುತ್ತಿರಲಿಲ್ಲ. "ಡಾಕ್ಟ್ರು ಶಾಬಾಸ್ ಅಂದ್ರು!" ಎಂದ. ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಕೈಕಾಲು ಥರಗುಟ್ಟತೊಡಗಿ, ಸತ್ಯವ್ವ ಅವನನ್ನು ಅರ್ಧ ಎತ್ತಿಯೇ ಖಾನಾಪುರದ ಬಸ್ಸು ಹತ್ತಿಸಿದಳು.

ಖಾನಾಪುರದ ಕಚೇರಿಯಲ್ಲಿ ಪರವಾನಗಿ ಬರೆಯುವವನು ಬಾಳಾಸಾಹೇಬ, ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುವ ನಗುಮುಖದ ಮನುಷ್ಯ. ಚೀಟಿ ನೋಡಿ ಅವನ ನಗು ಆರಿತು.

"ಕಾಕಾ, ಇದರಾಗ ಮೂವತ್ತು ಬರದಾರ. ನಲವತ್ತು ಪಾಹಿಜೆ, ನಲವತ್ತು ಬೇಕ."

"ಮೂವತ್ತಾ? ಡಾಕ್ಟ್ರು ಶಾಬಾಸ್ ಅಂದಾರಲ್ಲೋ!"

"ಅದಕ್ಕ ಮೂವತ್ತು! ನೀವು ಅಲ್ಲಿ ಹೋಗಿ ಕುಸ್ತಿ ಹಿಡದ ಬಂದೀರಿ, ಹೌದಿಲ್ಲೋ?" ಬಾಳಾಸಾಹೇಬ ಸತ್ಯವ್ವನ ಕಡೆ ತಿರುಗಿದ. "ಕಾಕೂ, ಈ ತಿಂಗಳ ಕೊನಿತನಕ ಒಂದ ಪರವಾನಗಿ ಹಿಡದ ಇಡತೇನಿ. ಮತ್ತೊಮ್ಮೆ ತೋರಸ್ರಿ. ಈ ಸಲ ನೀವೂ ಒಳಗ ಹೋಗ್ರಿ."

ವಾಪಸು ಬರುವಾಗ ಬಸ್ಸು ಮಲಪ್ರಭೆಯ ಸೇತುವೆ ದಾಟಿತು. ಬಾಂದಾರದ ಕಟ್ಟೆಯ ಮೇಲೆ ಯಾರೋ ಒಬ್ಬ ಕಂಕುಳಗೋಲನ್ನು ಬದಿಗಿಟ್ಟು ಆರಾಮಾಗಿ ಕುಳಿತಿದ್ದ. ಕರೆಪ್ಪ ಅವನನ್ನು ಕಣ್ಣಿಗೆ ಮರೆಯಾಗುವ ತನಕ ನೋಡಿದ. ಅವನಿಗೆ ಅಳು ಬರುವುದೊಂದು ಬಾಕಿ.

ಹದಿನೈದು ದಿನಕ್ಕೆ ಮತ್ತೆ ಬುಧವಾರ, ಮತ್ತೆ ಅದೇ ಡಾಕ್ಟರು. ಈ ಸಲ ಸತ್ಯವ್ವನೂ ಒಳಗೆ ಬಂದು, ಸೆರಗು ಹೊದ್ದು ಮೂಲೆಯ ಸ್ಟೂಲಿನ ಮೇಲೆ ಕುಳಿತಳು. ಬೇಕಂತಲೇ ಸೋತು ಚಿತ್ ಆಗುವುದನ್ನು ಕರೆಪ್ಪನಿಗೆ ಯಾವ ತಾಲೀಮಿನಲ್ಲೂ ಕಲಿಸಿರಲಿಲ್ಲ. ಕೈ ಎತ್ತಿ ಎಂದ ಕೂಡಲೇ ಹಲ್ಲು ಕಚ್ಚಿ ಮತ್ತೆ ಭುಜದ ಮೇಲಕ್ಕೆ ಏರಿಸಿಬಿಟ್ಟ. ಡಾಕ್ಟರು ತಮ್ಮ ಬೆರಳುಗಳನ್ನು ಮಾತ್ರ ಜೇಬಿನಲ್ಲೇ ಇಟ್ಟುಕೊಂಡು ಕುರ್ಚಿಗೆ ಒರಗಿದರು.

"ಅಂಗಿ ಗುಂಡಿ ಯಾರ ಹಾಕ್ತಾರ್ರಿ?"

"ನಾನ ಹಾಕ್ಕೋತೇನ್ರಿ."

"ಒಂದ ಹಾಕ್ಕೋತಾರ್ರಿ," ಎಂದಳು ಸತ್ಯವ್ವ ಮೂಲೆಯಿಂದ. "ಉಳದ ಗುಂಡಿ ನಾ ಮೊದಲ ಹಾಕಿ, ತಲಿಮ್ಯಾಲಿಂದ ಇಳಿಯೂ ಹಂಗ ಇಟ್ಟಿರತೇನ್ರಿ. ಮ್ಯಾಲಿಂದ ಒಂದ ಬಿಟ್ಟಿರತೇನಿ, ಅದನ್ನ ಎಡಗೈಲೆ ಹಾಕ್ಕೋತಾರ."

ಕರೆಪ್ಪ ತನ್ನ ಎದೆಯ ಕಡೆ ನೋಡಿಕೊಂಡ. ಡಾಕ್ಟರು ಪೆನ್ನು ತೆಗೆದರು. "ಊಟ?"

"ರೊಟ್ಟಿ ಮುರಿಯಾಕ ಬರೂದಿಲ್ರಿ. ಮುರದು ಸಾರಿನ್ಯಾಗ ನೆನಸಿ ಇಡತೇನಿ. ರುಚಿ ಅಂತ ತಿಂತಾರ. ಬಚ್ಚಲದಾಗ ಸಣ್ಣ ತಂಬಿಗಿ ಇಟ್ಟೇನ್ರಿ, ದೊಡ್ಡದು ಸೋರತೈತಿ ಅಂತ ಹೇಳೇನಿ. ಸೋರೂದಿಲ್ಲ ಅದು." ಎರಡು ವರ್ಷ ಒಳಗೇ ಇಟ್ಟುಕೊಂಡ ಮಾತು, ಈಗ ನಿಲ್ಲಿಸಿದರೂ ನಿಲ್ಲುವಂತಿರಲಿಲ್ಲ. "ಪಟಕಾ ಸುತ್ತಕೋತಾರ್ರಿ. ತುದಿ ಸಿಗಸಾಕ ಬರೂದಿಲ್ಲ, ಹಿಂದ ಜೋತಾಡತೈತಿ. ಮಂದಿ ನೋಡಬಾರದಂತ ಹೊರಗ ಹೋಗೂಮುಂದ ನಾನ ಸಿಗಸ್ತೇನಿ. ಹುಳ ಕುಂತಿತ್ತು ಅಂತೇನಿ."

ಕರೆಪ್ಪನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು. ಎಂಥೆಂಥ ಪಟ್ಟು ಕಂಡವನನ್ನು ಇವಳು ಸ್ಟೂಲಿನಿಂದ ಏಳದೆ ಮಣ್ಣು ಮುಕ್ಕಿಸಿದ್ದಳು. ನಾಚಿಕೆಯಾಯಿತು ಅವನಿಗೆ, ಬಹಳ ನಾಚಿಕೆ. ಅದರ ಬೆನ್ನಿಗೇ ಎರಡು ವರ್ಷದ ಹುಳಗಳೆಲ್ಲ ಒಂದೊಂದಾಗಿ ನೆನಪಾದವು. ಒಂದು ದಿನವೂ ಇವಳು ತಪ್ಪಿಸಿರಲಿಲ್ಲ.

ಡಾಕ್ಟರು ಎದ್ದು ಅವನ ಹತ್ತಿರ ಬಂದರು. "ಯಜಮಾನರ, ತಾಕತ್ತ ಹಾಕಬ್ಯಾಡ್ರಿ. ಮನ್ಯಾಗ ದಿನಾ ಎತ್ತತೀರಲ್ಲ, ಹಂಗ ಎತ್ರಿ."

ಕರೆಪ್ಪ ಹೆಂಡತಿಯ ಕಡೆ ನೋಡಿದ. ಆಮೇಲೆ ಕೈ ಎತ್ತಿದ. ಅದು ಎದೆಯ ತನಕ ಬಂದು, ಅಲ್ಲಿ ನಡುಗುತ್ತ ನಿಂತಿತು. ಡಾಕ್ಟರು ಐವತ್ತು ಎಂದು ಬರೆದು ಸಿಕ್ಕಾ ಹೊಡೆದರು.

ಹೊರಗೆ ಬಂದು ಬಾಕಿನ ಮೇಲೆ ಕುಳಿತಾಗ ಕರೆಪ್ಪ ಗುರ್ ಎಂದ. "ಎರಡ ವರ್ಷ ನನ್ನ ಮುಂದ ನಾಟಕ ಮಾಡಿದಿಯಲ್ಲ!"

"ನೀವೂ ಮಾಡಿದ್ರಲ್ಲ," ಎಂದು ಸತ್ಯವ್ವ ಕೈಗೋಲು ಕೊಟ್ಟಳು. "ಏಳ್ರಿ, ಬಸ್ಸು ತಪ್ಪತೈತಿ."

ಬಾಳಾಸಾಹೇಬ ಪರವಾನಗಿ ಬರೆದ. ಸಹಾಯಕರ ಹೆಸರಿನ ಮುಂದೆ ಕೇಳದೆಯೇ ಸತ್ಯವ್ವ ಎಂದು ಬರೆದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟ.

ಮಳೆ ಹಿಂದೆ ಸರಿದು ಹೊಳೆ ತಿಳಿಯಾದ ಮೇಲೆ, ಅಕ್ಟೋಬರಿನ ಒಂದು ಬೆಳಿಗ್ಗೆ ಇಬ್ಬರೂ ಬಾಂದಾರಕ್ಕೆ ಬಂದರು. ಕರೆಪ್ಪ ಸರಳು ಹಿಡಿದು ಏಳು ಮೆಟ್ಟಿಲು ಇಳಿದು ಕಟ್ಟೆಯ ಮೇಲೆ ಕುಳಿತ. ಬಿಸಿಲು ಹದವಾಗಿತ್ತು. ಎಡಗೈಯಲ್ಲಿ ಹಿಟ್ಟಿನ ಉಂಡೆ ಹಿಡಿದು, ಬಲಗೈಯಲ್ಲಿ ನಡುಗುವ ಗಾಳಕ್ಕೆ ಸಿಗಿಸಲು ನೋಡಿದ. ಉಂಡೆ ನೀರಿಗೆ ಬಿತ್ತು. ಇನ್ನೊಂದು ತೆಗೆದ, ಅದೂ ಬಿತ್ತು. ಸತ್ಯವ್ವ ತನಗೇನೂ ಕಾಣದವಳಂತೆ ಆಚೆ ದಂಡೆಯ ಎಮ್ಮೆಗಳನ್ನು ನೋಡುತ್ತ ಕುಳಿತಿದ್ದಳು.

"ಏ, ಎಮ್ಮಿ ಏನ ನೋಡ್ತಿ?" ಕರೆಪ್ಪ ಗಾಳವನ್ನು ಅವಳ ಕಡೆ ಚಾಚಿದ. "ಹಿಟ್ಟ ಹಚ್ಚಿ ಕೊಡ. ನನಗ ಬರವಲ್ಲದು."

ಸತ್ಯವ್ವ ಅವನ ಮುಖ ನೋಡಿದಳು. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಈ ಮಾತು ಅವನ ಬಾಯಿಂದ ಬಂದದ್ದು ಇದೇ ಮೊದಲು. ಉಂಡೆಯನ್ನು ಗಾಳಕ್ಕೆ ಒತ್ತಿ ಕೊಟ್ಟಳು. ಕರೆಪ್ಪ ಎಡಗೈಯಿಂದ ಬೀಸಿ ಒಗೆದ. ಬೆಂಡು ನೀರಿನ ಮೇಲೆ ನಿಂತಿತು.

ಹೊಳೆಯ ಮೇಲಿಂದ ಗಾಳಿ ಬೀಸಿ ಅವನ ಪಟಕಾದ ತುದಿ ಬಿಚ್ಚಿಕೊಂಡಿತು. ರೂಢಿಯಂತೆ ಸತ್ಯವ್ವನ ಕೈ ಅವನ ತಲೆಯ ಹಿಂದಕ್ಕೆ ಹೋಯಿತು.

"ಹುಳ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಕರೆಪ್ಪ ಬೆಂಡಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವಳ ಕೈಗೆ ಎಟಕುವಂತೆ ತಲೆಯನ್ನು ಇಷ್ಟು ಬಗ್ಗಿಸಿದ.

"ಬಿಗಿಯಾಗಿ ಸಿಗಸು," ಎಂದ. "ಸಂಜಿತನಕ ಇಲ್ಲೇ ಕುಂದರೂಣು."