ಅವಸರಿ ಇನ್ನೂ ಸಿಕ್ಕಿಲ್ಲ

ಈ ಕಥೆಯನ್ನು ಎಲ್ಲಿಂದ ಆರಂಭಿಸಲಿ? ಖಾಲಿ ತೊಟ್ಟಿಯಿಂದ ಎನ್ನೋಣವೆಂದರೆ ಗಾಜಿನ ತೊಟ್ಟಿಯಲ್ಲಿ ನೀರು ಅಂಚಿನವರೆಗೂ ಇದೆ. ಒಳಗಿರಬೇಕಾದ ಎರಡು ಸಾಲಮ್ಯಾಂಡರ್‌ಗಳು ಮಾತ್ರ ಇಲ್ಲ. (ನೋಡದವರಿಗೆ: ಹಲ್ಲಿಯ ಮೈಕಟ್ಟು, ಕಪ್ಪೆಯ ಚರ್ಮ, ಸದಾ ನಗುತ್ತಿರುವಂಥ ಬಾಯಿ.) ಚರ್ಮ ಒಣಗಿದರೆ ಅವು ಬದುಕುವುದಿಲ್ಲ. ಆದ್ದರಿಂದ ಆರಂಭದ ಬಗ್ಗೆ ತಲೆ ಕೆಡಿಸಿಕೊಂಡು ಕೂರುವಷ್ಟು ವೇಳೆ ನಮಗಿಲ್ಲ.

೧

ಪರದೆ ಹೊಲಿಯುವ ಅತ್ತೆ, ಹೊಸ ಸೊಸೆಯ ಮೇಲಿನ ಹೊಟ್ಟೆಕಿಚ್ಚಿಗೆ ತೊಟ್ಟಿಯ ಮುಚ್ಚಳ ತೆಗೆದಿಟ್ಟಳು.

"ಏನಮ್ಮಾ ಬರೀತಿದ್ದೀರಿ?" ಅತ್ತೆ ಮೆಷಿನ್ ನಿಲ್ಲಿಸಿ ನನ್ನನ್ನೇ ಕೇಳಿದಳು. "ಅತ್ತೆ ಅಂದ್ರೆ ಹೊಟ್ಟೆಕಿಚ್ಚು ಅಂತ ಯಾರು ಹೇಳಿದ್ದು ನಿಮಗೆ? ಅವಳು ತಂದ ಸಾಮಾನಲ್ಲಿ ನನಗೆ ಹಿಡಿಸಿದ್ದೇ ಆ ಎರಡು."

ಆ ಡ್ರಾಫ್ಟ್ ಹರಿದು ಹಾಕಿದೆ.

೨

ನಡೆದದ್ದು ಇಷ್ಟು. ಸೊಸೆ ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಈ ಮನೆಗೆ ಬಂದ ಮೇಲೆ ಮೊದಲ ಸಲ, ಇವತ್ತು, "ಇವೆರಡನ್ನ ನೀವೇ ನೋಡ್ಕೊಳ್ಳಿ ಅತ್ತೆ" ಎಂದು ಹೇಳಿ ಹೋದಳು. ಆ ಮಾತಿಗೆ ಅತ್ತೆ ಹಿಗ್ಗಿಹೋದಳು. ಅರ್ಧ ತೊಟ್ಟಿ ನೀರಿನಲ್ಲಿ ಪಾಪ ಎಷ್ಟೆಂದು ಈಜುತ್ತವೆ ಎಂದು ಅಂಚಿನವರೆಗೆ ತುಂಬಿಸಿದಳು. ಉಸಿರಾಡಲಿ ಎಂದು ಮುಚ್ಚಳವನ್ನೂ ಒಂದಿಷ್ಟು ಸರಿಸಿದಳು. ಪರದೆಯ ಅಂಚು ಹೊಲಿದು ತಲೆಯೆತ್ತುವಷ್ಟರಲ್ಲಿ ಸೋಮಾರಿಯೂ ಇಲ್ಲ, ಅವಸರಿಯೂ ಇಲ್ಲ. (ಹೆಸರಿಟ್ಟದ್ದು ಸೊಸೆ. ನನ್ನ ಮೇಲೆ ಹಾಕಬೇಡಿ.)

ಮಾವ ಗಡಿಯಾರ ರಿಪೇರಿ ಮಾಡಿ ನಿವೃತ್ತನಾದವನು. ಕಳೆದ ಸ್ಕ್ರೂ ಹುಡುಕುವವನ ತಾಳ್ಮೆಯಲ್ಲಿ ಟಾರ್ಚ್ ಹಿಡಿದು ನೆಲಕ್ಕೆ ಮಲಗಿದ. ಯಾರು ಬಿಟ್ಟದ್ದು ಎಂದು ಕೇಳಲಿಲ್ಲ. ಬಚ್ಚಲ ಬಾಗಿಲ ಹಿಂದೆ, ಒದ್ದೆ ಮಾಪಿನ ಎಳೆಗಳ ನಡುವೆ, ಸೋಮಾರಿ ನಿದ್ದೆಯಲ್ಲಿತ್ತು.

ಅವಸರಿ ಇಲ್ಲ. ಸಂಜೆಯಾಯಿತು. ಸೊಸೆ ಬಂದಳು.

"ನೀರು ತುಂಬ್ಸಿದ್ದು ನಾನಮ್ಮ," ಎಂದ ಮಾವ.

"ಯಾರು ನಂಬ್ತಾರ್ರೀ?" ಎಂದಳು ಅತ್ತೆ. "ಜೀವಮಾನದಲ್ಲಿ ಒಂದು ಲೋಟ ನೀರು ತಾವಾಗಿ ತುಂಬ್ಕೊಂಡವರಲ್ಲ. ನಾನೇ ಕಣೇ ಮಾಡಿದ್ದು. ಬೈಯೋದಿದ್ರೆ ಬೈದುಬಿಡು."

ಇಲ್ಲಿ ಸೊಸೆ ಕಣ್ಣೀರು ಹಾಕಬೇಕೆಂದು ನನ್ನ ಆಸೆಯಿತ್ತು. ಅವಳು ಚೀಲ ಕೆಳಗಿಟ್ಟು ಹೇಳಿದಳು: "ನೀರು ಜಾಸ್ತಿಯಾದ್ರೆ ಹತ್ತಿ ಹೊರಗೆ ಬರ್ತವೆ ಅತ್ತೆ. ನಾನು ಹೇಳ್ಬೇಕಿತ್ತು."

ಅತ್ತೆಗೆ ಬೈಸಿಕೊಳ್ಳುವುದೇ ಸುಲಭವಾಗುತ್ತಿತ್ತು.

ಮುಕ್ತಾಯ, ಒಂದು: ಅವಸರಿ ಬೀರುವಿನ ಹಿಂದೆ ಒಣಗಿ ಸಿಗುತ್ತದೆ.

"ಕಥೆಗೆ ತೂಕ ಬರ್ಲಿ ಅಂತ ಅದನ್ನ ಸಾಯಿಸ್ಬೇಡಿ," ಎಂದಳು ಸೊಸೆ. ನಾಚಿಕೆಯಾಯಿತು. ಆ ಸಾಲನ್ನು ಹೊಡೆದು ಹಾಕಿದೆ.

ಮುಕ್ತಾಯ, ಇನ್ನೊಂದು: ಅವಸರಿ ತಾನಾಗಿಯೇ ತೊಟ್ಟಿಗೆ ಹಿಂತಿರುಗುತ್ತದೆ.

"ಇದನ್ನ ನಾನೂ ನಂಬಲ್ಲ," ಎಂದ ಮಾವ. ತಾನೇ ಸುಳ್ಳು ಹೇಳಿ ಈಗಷ್ಟೇ ಸಿಕ್ಕಿಬಿದ್ದವನು.

ಕೊನೆಗೆ ಸೊಸೆಯೇ ದಾರಿ ತೋರಿಸಿದಳು. ಅತ್ತೆಯ ಹತ್ತಿ ಬಟ್ಟೆಯ ತುಂಡುಗಳನ್ನು ನೆನೆಸಿ ಗೋಡೆಯ ಉದ್ದಕ್ಕೂ ಹಾಸಿದರು. ತಂಪು ಹುಡುಕಿ ಬರಬಹುದು. ದೀಪ, ಫ್ಯಾನ್ ಆರಿಸಿದರು; ಕಿಟಕಿಯಿಂದ ಬರುವ ಬೀದಿದೀಪದ ಮಂದ ಬೆಳಕಷ್ಟೇ ಉಳಿಯಿತು. ತುಳಿದುಬಿಟ್ಟರೆ ಎಂಬ ಭಯಕ್ಕೆ ಮೂವರೂ ಕುರ್ಚಿಯ ಮೇಲೆ ಕಾಲು ಮಡಿಸಿ ಕೂತಿದ್ದಾರೆ.

"ಬೆನ್ನಿಗೆ ದಿಂಬು ಕೊಡ್ಲಾ ಅತ್ತೆ?"

"ಇಳೀಬೇಡ. ಅಲ್ಲಿಂದಲೇ ಎಸಿ."

ದಿಂಬು ಬಂತು. ಮಾವನ ತಲೆಗೆ ತಾಗಿ ಬಂತು. ಅತ್ತೆ ಸೆರಗು ಬಾಯಿಗೊತ್ತಿ ನಕ್ಕಳು. ಸೊಸೆಯೂ ನಕ್ಕಳು. ಈ ಮನೆಯಲ್ಲಿ ಅವರಿಬ್ಬರೂ ಒಂದೇ ವಿಷಯಕ್ಕೆ ಒಟ್ಟಿಗೆ ನಕ್ಕದ್ದನ್ನು ನಾನು ನೋಡಿದ್ದು ಇದೇ ಮೊದಲು.

ಇಲ್ಲಿಗೆ ನಿಲ್ಲಿಸಿದರೆ ಚೆನ್ನ, ಗೊತ್ತು. ಆದರೆ ಒಂದು ಜೀವ ಇನ್ನೂ ಹೊರಗಿದೆ. ಅಲ್ಲಿ, ಬಟ್ಟೆಯ ಒಂದು ಮೂಲೆ ಅಲುಗಿತು. ಗಾಳಿ ಎನ್ನೋಣವೆಂದರೆ ಫ್ಯಾನ್ ನಿಂತಿದೆ. ಅತ್ತೆ ತುಟಿಗೆ ಬೆರಳಿಟ್ಟು ನನ್ನ ಪೆನ್ನಿನ ಕಡೆ ನೋಡುತ್ತಿದ್ದಾಳೆ; ಸದ್ದಾಗುತ್ತದಂತೆ. ನೀವೂ ಅಷ್ಟೇ, ದಯವಿಟ್ಟು ಪುಟ ತಿರುವಬೇಡಿ. ಕಾಲು ಮೇಲೆತ್ತಿಕೊಳ್ಳಿ