ದೊಡ್ಡವರಿಗೆ ಸಾಕಾದ ಕೋಣೆ

ಈ ಪರದೇಶದ ಒಂದು ಶಾಲೆಯಲ್ಲಿ ನಾನು ಭಾಷಾ ಸಹಾಯಕಿ. ಟೀಚರು ನಮ್ಮ ಭಾಷೆಯ ವ್ಯಾಕರಣ ಹೇಳಿಕೊಡುತ್ತಾರೆ, ನಾನು ಪಕ್ಕದಲ್ಲಿ ನಿಂತು ಮಕ್ಕಳ ಜೊತೆ ಅದರಲ್ಲೇ ಹರಟುತ್ತೇನೆ. ಕೆಲಸ ಇಷ್ಟ, ಮಕ್ಕಳು ಇನ್ನೂ ಇಷ್ಟ. ಆಗದಿರುವುದು ನನಗೆ ಕೊಟ್ಟಿರುವ ಕೋಣೆಯನ್ನು ಕಂಡರೆ, ಅದಕ್ಕಿಂತ ಹೆಚ್ಚಾಗಿ ಅದನ್ನು ಕೊಟ್ಟವರನ್ನು ಕಂಡರೆ.

ಕೋಣೆ ಇರುವುದು ಶಾಲೆಯ ಅಡುಗೆಮನೆಯ ಹಿಂದೆ. ಮಂಚದ ಪಕ್ಕದ ಗೋಡೆಯ ತುಂಬ ಕಪ್ಪು ಬೂಷ್ಟು. ಉಜ್ಜಿದರೆ ಹೋಗುತ್ತದೆ, ನಾಲ್ಕು ದಿನ ಕಳೆಯುವುದರೊಳಗೆ ಸಂಸಾರ ಸಮೇತ ವಾಪಸು ಬರುತ್ತದೆ. ದಿಂಬಿಗೆ ಮುಗ್ಗಲು ವಾಸನೆ, ಟವೆಲಿಗೆ ಮುಗ್ಗಲು ವಾಸನೆ, ಒಂದೊಂದು ದಿನ ಕುಡಿಯುವ ನೀರಿಗೂ ಅದೇ. ಬೇರೆ ಕಡೆ ಬಾಡಿಗೆಗೆ ಹೋಗೋಣ ಎಂದರೆ ಶಾಲೆ ಕೊಟ್ಟ ಜಾಗದಲ್ಲೇ ಇರಬೇಕೆಂದು ಕರಾರು.

ಊರಲ್ಲಿ ಅಮ್ಮನ ಹತ್ತಿರ ಬಿಟ್ಟು ಬಂದ ಪುಟ್ಟ ಮಗಳಿದ್ದಾಳೆ. ಆಮೇಲೆ ಅವಳನ್ನೂ ಕರೆಸಿಕೊಳ್ಳಬಹುದು ಎಂದು ಕೆಲಸಕ್ಕೆ ಕರೆದವರು ಹೇಳಿದ್ದಕ್ಕೇ ನಾನು ವಿಮಾನ ಹತ್ತಿದ್ದು. ಬಂದ ಹೊಸದರಲ್ಲೇ ಅವಳಿಗೊಂದು ಹಳದಿ ಫ್ರಾಕು ಕೊಂಡು ಸೂಟ್‌ಕೇಸಿನಲ್ಲಿಟ್ಟಿದ್ದೆ. ಫೋನಿನಲ್ಲಿ ಅವಳು ಮನೆ ತೋರಿಸು ಎಂದಾಗಲೆಲ್ಲ ಕಿಟಕಿಯ ಕಡೆಯ ಬಿಳಿ ಗೋಡೆಯನ್ನಷ್ಟೇ ತೋರಿಸುತ್ತಿದ್ದೆ.

ನಮ್ಮಂಥ ಸಹಾಯಕರ ಕಷ್ಟಸುಖ ವಿಚಾರಿಸಲೆಂದೇ, ನಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಕಚೇರಿಯಲ್ಲಿ ಒಬ್ಬ ಅಧಿಕಾರಿ ಇದ್ದಾರೆ. ಮಂಚ ಮುರಿದಿದೆ ಎಂದರೂ ನೋಡೋಣ, ಜ್ವರ ಬಂದಿದೆ ಎಂದರೂ ನೋಡೋಣ. ಹಾಗಾಗಿ ನಾವೆಲ್ಲ ಅವರಿಗಿಟ್ಟ ಹೆಸರು ನೋಡೋಣ ಸಾಹೇಬರು. ಕೋಣೆ ಬದಲಿಸಿಕೊಡಿ ಎಂದು ಅವರಿಗೊಂದು ಅರ್ಜಿ ಕೊಟ್ಟೆ. ಮಗಳನ್ನು ಕರೆಸಲು ಅನುಮತಿ ಬೇಕೆಂದು ಇನ್ನೊಂದು ಕೊಟ್ಟೆ. ಎರಡಕ್ಕೂ ಕೋಣೆಯನ್ನು ಕಣ್ಣಾರೆ ನೋಡಬೇಕಂತೆ. ಕಾದು ಕಾದು ಸಾಕಾದ ಮೇಲೆ ಒಂದು ಮಧ್ಯಾಹ್ನ ಸವಾರಿ ದಯಮಾಡಿಸಿತು.

ಹೊಸ್ತಿಲಲ್ಲೇ ಕರವಸ್ತ್ರ ಮೂಗಿಗೇರಿತು. ಕುರ್ಚಿ ಒರೆಸಿ ಕೊಟ್ಟೆ, ಕೂರಲಿಲ್ಲ. ಬೂಷ್ಟನ್ನು ಬೆರಳ ತುದಿಯಿಂದ ಮುಟ್ಟಿ ನೋಡಿ, ಆ ಬೆರಳನ್ನು ನನ್ನ ಮುಖ ಒರೆಸುವ ಟವೆಲಿಗೇ ತಿಕ್ಕಿ, ಹೊರಟೇಹೋದರು. ಟವೆಲನ್ನು ಎರಡು ಬೆರಳಲ್ಲಿ ಎತ್ತಿ ಕಸದ ಡಬ್ಬಿಗೆ ಹಾಕಿದೆ.

ಎರಡು ಅರ್ಜಿಗೂ ಉತ್ತರ ಒಟ್ಟಿಗೇ ಬಂತು. ಕೋಣೆ ವಾಸಕ್ಕೆ ಯೋಗ್ಯವಾಗಿದೆ, ಬದಲಿಸುವ ಅಗತ್ಯವಿಲ್ಲ ಎಂದು ಒಂದರಲ್ಲಿತ್ತು. ಇಂಥ ಕೋಣೆಯಲ್ಲಿ ಮಗುವನ್ನಿಟ್ಟರೆ ಆರೋಗ್ಯ ಕೆಡುತ್ತದೆ, ಅನುಮತಿ ಇಲ್ಲ ಎಂದು ಇನ್ನೊಂದರಲ್ಲಿತ್ತು. ಎರಡರ ಕೆಳಗೂ ನೋಡೋಣ ಸಾಹೇಬರದೇ ಸಹಿ.

ಎರಡನ್ನೂ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಮುಖ ಸಣ್ಣದಾಗಬಹುದು ಎಂದುಕೊಂಡಿದ್ದೆ. ಅವರು ಟೀಯಲ್ಲಿ ಅದ್ದಿದ ಬಿಸ್ಕತ್ತನ್ನು ಬಾಯಿಗಿಟ್ಟುಕೊಂಡು, ಅದರ ಹನಿಯನ್ನು ನನ್ನ ಮಗಳ ಅರ್ಜಿಗೆ ಬಂದ ಉತ್ತರದ ಮೇಲೆ ಬೀಳಿಸುತ್ತ, ಬಲು ತಾಳ್ಮೆಯಿಂದ ವಿವರಿಸಿದರು.

“ಇವೆರಡೂ ಬೇರೆ ಬೇರೆ ಫೈಲು, ಮೇಡಂ. ಮಗು ಬೇಡ ಅಂದಿದ್ದು ನಿಮ್ಮ ಒಳ್ಳೇದಕ್ಕೇ. ನೀವಾದ್ರೆ ದೊಡ್ಡವರು, ಹೇಗೋ ತಡ್ಕೋತೀರಿ.”

“ನೀವೂ ದೊಡ್ಡವರೇ ಅಲ್ವಾ ಸಾರ್,” ಎಂದೆ. “ಅವತ್ತು ಮೂಗು ಯಾಕೆ ಮುಚ್ಕೊಂಡ್ರಿ?”

ಇನ್ನೊಂದು ಬಿಸ್ಕತ್ತು ಟೀಯಲ್ಲಿ ಅದ್ದುತ್ತ, ನೋಡೋಣ ಎಂದರು. ಥೂ ಎಂದು ಉಗಿಯುವಷ್ಟು ಹೇಸಿಗೆಯಾಯಿತು. ಉಗಿಯಲಿಲ್ಲ, ಹೊರಟು ಬಂದೆ.

ಕೋಣೆಗೆ ಬಂದು ಸೂಟ್‌ಕೇಸ್ ತೆರೆದರೆ ಹಳದಿ ಫ್ರಾಕಿನ ಮೇಲೂ ಕಪ್ಪು ಚುಕ್ಕೆ ಎದ್ದಿತ್ತು. ಅದನ್ನು ಹಿಡಿದುಕೊಂಡು ಕೂತಿದ್ದಾಗಲೇ ಮಗಳ ಫೋನು ಬಂತು. ಈ ಸಲ ನಾನು ಫೋನನ್ನು ಬಿಳಿ ಗೋಡೆಯ ಕಡೆ ತಿರುಗಿಸಲಿಲ್ಲ.

“ಅಮ್ಮಾ, ಹಿಂದೆ ಏನದು ಕರ್ರಗೆ?”

“ಬೂಷ್ಟು, ಪುಟ್ಟಿ. ಇಲ್ಲಿ ಮಕ್ಕಳು ಇರಬಾರ್ದಂತೆ. ಕಾಯಿಲೆ ಬರುತ್ತಂತೆ.”

ಅವಳು ಗೋಡೆಯನ್ನೇ ನೋಡಿದಳು.

“ಮತ್ತೆ ನೀನ್ಯಾಕೆ ಅಲ್ಲಿದ್ದೀಯ?”

ನಿನಗೋಸ್ಕರ ಎಂಬ ಮಾತು ನಾಲಿಗೆ ತುದಿಗೆ ಬಂತು. ಅವಳು ಕಾಲಿಡಬಾರದ ಕೋಣೆಯಲ್ಲಿ ಕೂತು ಆ ಮಾತು ಆಡಲು ನನಗೇ ಅಸಹ್ಯವಾಯಿತು. ಫೋನನ್ನು ಅಜ್ಜಿಗೆ ಕೊಡು ಎಂದೆ. ವಾಪಸು ಬರುತ್ತಿದ್ದೇನೆ ಎಂದು ಅಮ್ಮನಿಗೆ ಹೇಳಿ, ಫ್ರಾಕನ್ನು ಸೋಪು ನೀರಿನಲ್ಲಿ ನೆನೆಹಾಕಿ, ಸೂಟ್‌ಕೇಸ್ ಒರೆಸತೊಡಗಿದೆ.